ಲೆನ್ಸಿನ ಮುಂದಿನ ಗಾಜು

ಹೊಸ ಲೆನ್ಸು ಕೊಂಡವನಿಗೆ ಅಂಗಡಿಯವರು ಇನ್ನೊಂದು ಗಾಜು ಮಾರದೆ ಬಿಡುವುದಿಲ್ಲ. ಲೆನ್ಸಿಗೆ ಗೀರು ಬೀಳಬಾರದೆಂದು ಅದರ ಮುಂದೆ ತಿರುಗಿಸಿ ಹಾಕುವ ಈ ಬಿಲ್ಲೆಗೆ ಫಿಲ್ಟರ್ ಎಂದು ಹೆಸರು. ಅದು ಏನನ್ನು ಸೋಸುತ್ತದೆಯೋ, ಏಳನೇ ತರಗತಿಗೇ ಶಾಲೆ ಬಿಟ್ಟ ನನಗೆ ತಿಳಿಯದು. ಆದರೆ ಯಾವ ದೇಶದ ಪಂಡಿತರೋ ನುಣ್ಣಗೆ ಉಜ್ಜಿ ಮಾಡಿದ ಗಾಜಿನ ಮುಂದೆ ಕಿಟಕಿಯ ಚೂರಿನಂಥದ್ದನ್ನು ಕೂರಿಸುವುದು, ಹೊಸ ಸೋಫಾದ ಪ್ಲಾಸ್ಟಿಕ್ ಹೊದಿಕೆ ತೆಗೆಯದೆ ನೆಂಟರನ್ನು ಅದರ ಮೇಲೆ ಬೆವರಿಸುವಂಥ ಬುದ್ಧಿವಂತಿಕೆ. ಇಷ್ಟೊಂದು ಸಿಟ್ಟೇಕೆ ಎಂದು ನೀವು ಕೇಳಬಹುದು.

ಶಿಡ್ಲಘಟ್ಟದಲ್ಲಿ ನಾನು ಸ್ಟುಡಿಯೋ ಇಟ್ಟ ಹೊಸತು. ಚಿಂತಾಮಣಿಯ ಅಂಗಡಿಯವರು, "ಹಾಕ್ಕೊಳಪ್ಪ, ನಮ್ ಕಡೆ ಮದ್ವೆಗಳಲ್ಲಿ ಅಕ್ಷತೆ ಎಸೆಯೋದು ಕಲ್ಲೆಸೆದಂಗಿರ್ತದೆ" ಎಂದರು. ಮಾತು ನಿಜವೇ. ಗುರಿ ವಧೂವರರಾದರೂ ಅರ್ಧಪಾಲು ಬೀಳುವುದು ಫೋಟೋದವನ ಮುಖಕ್ಕೆ. ಹಾಕಿಕೊಂಡೆ.

ಮಂಡಿಕಲ್ ಹತ್ತಿರದ ನಮ್ಮೂರಿನಲ್ಲಿ ಪದ್ಮಕ್ಕನ ಮದುವೆ, ಬೆಳಗಿನ ಜಾವದ ಮುಹೂರ್ತ. ಕರೆಂಟು ಹೋಗಿ ಚಪ್ಪರದ ಎಡಮೂಲೆಗೆ ಗ್ಯಾಸ್‌ಲೈಟು ತೂಗುಹಾಕಿದ್ದರು. ಕ್ಯಾಮೆರಾ ಕಂಡರೆ ಮರೆಯಾಗುವ ಅಪ್ಪ, ಧಾರೆ ಎರೆಯಲು ಬಲಗಡೆ ಬಗ್ಗಿ ನಿಂತು ನನಗೆ ಸಿಕ್ಕಿದ್ದು ಅದೊಂದೇ ಸಲ. ಕಣ್ಣಿಟ್ಟು ನೋಡಿದರೆ, ಎಡಗಡೆಯ ದೀಪ ಆ ಬಿಲ್ಲೆಯಲ್ಲಿ ಪ್ರತಿಫಲಿಸಿ ಬೆಳ್ಳನೆಯ ಮಚ್ಚೆಯಾಗಿ ಅಪ್ಪನ ಮುಖದ ಮೇಲೆ ಕೂತಿತ್ತು. ನನಗದು ಕಂಡಿತ್ತು. ಬಿಲ್ಲೆಯನ್ನು ತಿರುಗಿಸಿ ತೆಗೆದಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಗಟ್ಟಿಮೇಳವಾಯಿತು, ಎಲ್ಲರ ಕೈಗಳೂ ಮೇಲೆದ್ದವು. ಅಕ್ಷತೆಗೆ ಹೆದರಿ, ಲೆನ್ಸನ್ನು ಕಾಪಾಡಿಕೊಂಡು, ಬಟನ್ ಒತ್ತಿದೆ.

ಫೋಟೋ ಬಂದಾಗ ಅಕ್ಕ ಕೇಳಿದಳು, "ಅಪ್ಪನ ಮುಖ ಎಲ್ಲೋ ಸೀನ?"

"ತೊಳೆಯೋ ಲ್ಯಾಬ್ನೋರು ಕೆಡಿಸವ್ರೆ ಕಣಕ್ಕ."

ಪಾಪ, ಅವಳು ಕಂಡರಿಯದ ಆ ಲ್ಯಾಬಿನವರಿಗೆ ವರ್ಷಗಟ್ಟಲೆ ಶಾಪ ಹಾಕಿದಳು. ನಾನೂ ದನಿಗೂಡಿಸಿದೆ.

ಅಪ್ಪ ತೀರಿಕೊಂಡರು. ತಾಲ್ಲೂಕಿನವರಿಗೆಲ್ಲ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದುಕೊಟ್ಟ ನಾನು ಅಪ್ಪನನ್ನು ಒಮ್ಮೆಯೂ ಸ್ಟುಡಿಯೋದ ಸ್ಟೂಲಿನ ಮೇಲೆ ಕೂರಿಸಿರಲಿಲ್ಲ. ಅಕ್ಕ ಸ್ಟುಡಿಯೋಕ್ಕೆ ಬಂದು, ಧಾರೆಯ ಫೋಟೋವನ್ನೇ ದೊಡ್ಡದು ಮಾಡಿಸಿಕೊಡು ಎಂದಳು. "ಮುಖ ಹೋದ್ರೆ ಹೋಗ್ಲಿ, ನಮ್ಮಪ್ಪ ತಾನೆ. ಆ ದರಿದ್ರ ಲ್ಯಾಬ್ನೋರ ಕೈಗೆ ಮಾತ್ರ ಕೊಡಬ್ಯಾಡ."

ಆಗ ಹೇಳಿಬಿಟ್ಟೆ.

ಅಕ್ಕ ಮೇಜಿನ ಮೇಲಿದ್ದ ಲೆನ್ಸನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದು, ಸೀರೆ ಅಂಗಡಿಯಲ್ಲಿ ಸೆರಗು ನೋಡುವಷ್ಟು ಹೊತ್ತು ನೋಡಿದಳು. "ಒಂದು ಗೀರೂ ಬಿದ್ದಿಲ್ಲ. ಚೆನ್ನಾಗಿ ನೋಡ್ಕೊಂಡಿದ್ದೀಯ ಬಿಡಪ್ಪ." ಬೈದಿದ್ದರೆ ವಾಸಿಯಿತ್ತು.

ಈಗ ಅಕ್ಷತೆ ಬಿದ್ದರೆ ಒರೆಸಿಕೊಳ್ಳುತ್ತೇನೆ. ಫಿಲ್ಟರ್ ಬೇಕೇ ಎಂದು ಕೇಳುವ ಅಂಗಡಿಯವರ ಮೇಲೆ ರೇಗುತ್ತೇನೆ. ಮಾರಿದವರು ಅವರು, ತೆಗೆಯದೆ ಹೋದವನು ನಾನು ಎಂಬುದು ಗೊತ್ತಿದ್ದೂ ರೇಗುತ್ತೇನೆ.

ಆ ಫೋಟೋ ಅಕ್ಕನ ಮನೆಯ ಗೋಡೆಯ ಮೇಲಿದೆ. ಅಪ್ಪನ ತಿಥಿಯ ದಿನ ಅವಳು ಗಂಧದ ಬೆರಳನ್ನು ಅದರ ಹತ್ತಿರ ತಂದು ನಿಲ್ಲಿಸಿ ನನ್ನನ್ನು ಕರೆಯುತ್ತಾಳೆ.

"ಹಣೆ ಎಲ್ಲಿ ಬತ್ತದೆ, ತೋರ್ಸೋ."

ಆ ಬಿಳಿ ಮಚ್ಚೆಯ ಮೇಲೆ, ಅಂದಾಜಿನಲ್ಲಿ, ನಾನು ಬೆರಳಿಡುತ್ತೇನೆ.