ಎಕ್ಕಂಬಿಯ ಕಟ್ಟೆಯ ಮೇಲಿನ ಚೊಂಬು

ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ನಾನು ಆ ತಪ್ಪು ಮಾಡಿದೆ.

ಆಗ ನಾನು ಶಿರಸಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ. ನೀರಿನಲ್ಲಿ ಬೆರೆತ ವಿಷಕಾರಿ ಕ್ರೋಮಿಯಂ ತೆಗೆಯಲು ಮ್ಯಾಗ್ನೆಟಿಕ್ ಫೋಟೊಕ್ಯಾಟಲಿಸ್ಟ್ ಎಂಬ ಕಪ್ಪು ಪುಡಿ ತಯಾರಿಸಿದ್ದೆ. ಬಿಸಿಲು ಬಿದ್ದರೆ ಅದು ಕ್ರೋಮಿಯಂನ ವಿಷ ತಗ್ಗಿಸಿ ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಆಮೇಲೆ ಅಯಸ್ಕಾಂತ ಹಿಡಿದು ಪುಡಿಯನ್ನೇ ಎಳೆದುಬಿಡಬಹುದು. ಶಿರಸಿಯಲ್ಲಿ ವಾರದಿಂದ ಮೋಡ. ಬಿಸಿಲು ಹುಡುಕಿಕೊಂಡು ರಫೀಕಣ್ಣನ ಬಾಡಿಗೆ ಜೀಪಿನಲ್ಲಿ ಎಕ್ಕಂಬಿ ಎಂಬ ಹಳ್ಳಿಗೆ, ಪರಿಚಯದ ಪಾರ್ವತಕ್ಕನ ಮನೆಯಂಗಳಕ್ಕೆ ಹೋದೆ.

ಲೀಟರಿಗೆ ಐವತ್ತು ಮಿಲಿಗ್ರಾಂ ಕ್ರೋಮಿಯಂ ಬೆರೆಸಿದ ಹಳದಿ ನೀರು. ಕ್ರಿಯೆ ಚುರುಕಾಗಲೆಂದು ಒಂದಿಷ್ಟು ಸಿಟ್ರಿಕ್ ಆಮ್ಲ. ಎರಡು ತಾಸಿನಲ್ಲಿ ಹಳದಿ ಮಾಯ. ಅಯಸ್ಕಾಂತ ಹಿಡಿದೆ, ಪುಡಿ ಓಡಿ ಬಂದು ಗಾಜಿಗೆ ಅಂಟಿತು. ನೀರು ತಿಳಿ, ಎಷ್ಟು ತಿಳಿಯೆಂದರೆ ಆಗಷ್ಟೇ ಸೇದಿದ ಬಾವಿ ನೀರಿನಂತೆ. ಖಾಲಿ ಬಾಟಲಿ ತರಲು ಮರೆತಿದ್ದೆ. ಮನೆಮುಂದಿನ ಕಟ್ಟೆಯ ಮೇಲೆ ಬರಿದಾಗಿದ್ದ ಚೊಂಬಿಗೇ ಬಗ್ಗಿಸಿ, ಪರೀಕ್ಷೆಯ ದ್ರಾವಣ ತರಲು ಜೀಪಿನತ್ತ ಓಡಿದೆ.

ಆ ಸೀಮೆಯಲ್ಲಿ ಕಟ್ಟೆಯ ಮೇಲಿನ ಚೊಂಬೆಂದರೆ ಬಂದವರಿಗೆ ಬೆಲ್ಲದ ಜೊತೆ ಕೊಡುವ ನೀರು. ಊರು ಸುತ್ತಿ ಬಂದ ರಫೀಕಣ್ಣನಿಗೆ ಪಾರ್ವತಕ್ಕ ಅದನ್ನೇ ಕೊಟ್ಟಿದ್ದರು.

“ಅಕ್ಕಾ, ಇದೆಂತ ಪಾನಕ? ಬಿಸಿನೂ ಅದೆ, ಹುಳಿನೂ ಅದೆ.”

“ಬಾವಿ ನೀರಿಗೆ ಹುಳಿ ಎಲ್ಲಿಂದ ಬರ್ತೈತಪ್ಪಾ? ನಿನ್ನ ನಾಲಿಗಿ ಕೆಟ್ಟೈತಿ.”

ಓಡಿ ಬಂದು ಚೊಂಬು ಕಸಿದೆ. ಅರ್ಧ ಖಾಲಿ. ಉಳಿದ ನೀರಿಗೆ ದ್ರಾವಣದ ಹನಿ ಹಾಕಿದೆ. ವಿಷ ಪೂರ್ತಿ ಹೋಗಿರದಿದ್ದರೆ ನೇರಳೆ ಬಣ್ಣ ಬರಬೇಕು. ಐದು ನಿಮಿಷ ಏನಿಲ್ಲ. ಆಮೇಲೆ ತೆಳುವಾಗಿ, ನೇರಳೆ.

ಜೀಪು ಓಡಿಸಲು ಬರುತ್ತಿದ್ದುದು ರಫೀಕಣ್ಣ ಒಬ್ಬರಿಗೇ. ವಿಷ ಕುಡಿದವರೇ ಶಿರಸಿಯ ಆಸ್ಪತ್ರೆಗೆ ಗಾಡಿ ಹೊಡೆದರು. ಪಕ್ಕದಲ್ಲಿ ನಾನು ಚೊಂಬು ತಬ್ಬಿಕೊಂಡು ಕುಳಿತಿದ್ದೆ.

“ಮೇಡಂ, ಆ ಅಯಸ್ಕಾಂತ ನನ್ನ ಹೊಟ್ಟೆಗೂ ಒಂಚೂರು ಹಿಡೀರಿ,” ಎಂದರು. ನಕ್ಕರು. ಒಂದು ಕೈ ಮಾತ್ರ ಹೊಟ್ಟೆ ಬಿಟ್ಟು ಏಳಲಿಲ್ಲ.

ಕ್ರೋಮಿಯಂ ಮೂತ್ರಪಿಂಡ ಕೆಡಿಸುವ ವಿಷವಾದ್ದರಿಂದ ಆಸ್ಪತ್ರೆಯಲ್ಲಿ ಅವರ ಪರೀಕ್ಷೆ ಮತ್ತೆ ಮತ್ತೆ ನಡೆಯಿತು. ಕಣ್ಣು ಮುಚ್ಚಿದರೆ ನನಗೆ ಆ ನೇರಳೆಯೇ. ಒಂಬತ್ತನೇ ದಿನ ವೈದ್ಯರು ಕೊನೆಯ ವರದಿ ನೋಡಿ, “ಏನೂ ಆಗಿಲ್ಲ, ಮನೆಗೆ ಹೋಗಲಿ,” ಎಂದರು.

ಆ ಚೊಂಬನ್ನು ಪಾರ್ವತಕ್ಕ ಮರಳಿ ಪಡೆಯಲಿಲ್ಲ. ಯಾರೂ ಮತ್ತೆ ತುಂಬಬಾರದೆಂದು ಅದರ ತಳಕ್ಕೆ ತೂತು ಕೊರೆಸಿ ಲ್ಯಾಬಿನ ಬಾಗಿಲಲ್ಲಿ ತೂಗುಹಾಕಿದೆ. ಹೊಸ ವಿದ್ಯಾರ್ಥಿಗಳಿಗೆ ನನ್ನ ಮೊದಲ ಪಾಠ ಈಗಲೂ ಅದರ ಕೆಳಗೇ: ಕುಡಿಯುವ ಪಾತ್ರೆಗೆ ಪ್ರಯೋಗದ ನೀರು ಬೀಳಕೂಡದು, ಅದೆಷ್ಟೇ ತಿಳಿಯಾಗಿರಲಿ. ಅದನ್ನು ತೂಗುಹಾಕಿದ್ದು ಆ ಒಂಬತ್ತನೇ ದಿನದ ಸಂಜೆ. ಅಂದು ರಾತ್ರಿ, ಆ ನೇರಳೆ ಕಾಣದೆ, ಬೆಳಗಾಗುವವರೆಗೆ ನಿದ್ದೆ ಮಾಡಿದೆ.