ಟಾಕಿಯ ಮುಚ್ಚಳ

ಬೆಳಗಾವಿಯ ಆಟೋ ನಗರದಲ್ಲಿ ಡೀಸೆಲ್ ಎಂಜಿನ್ ರಿಪೇರಿ ಮಾಡುವ ನಾಗಲಿಂಗನಿಗೆ ಎರಡು ಹೆಮ್ಮೆ. ಒಂದು, ಮಹಾಂತೇಶ ನಗರದಲ್ಲಿ ಕಟ್ಟಿಸಿದ ಮನೆ. ಇನ್ನೊಂದು, ತಾನು ಮುಟ್ಟಿದ ಎಂಜಿನ್ ಮತ್ತೆ ಕೆಮ್ಮುವುದಿಲ್ಲ ಎಂಬ ಹೆಸರು. ಮನೆ ಸೋರಿದರೂ ಹೆಸರು ಸೋರಬಾರದು ಇವರಿಗೆ ಎಂದು ಹೆಂಡತಿ ಪ್ರಮಿಳಾ ಆಗಾಗ ಚುಚ್ಚುವುದುಂಟು.

ಈ ಮಳೆಗಾಲದಲ್ಲಿ ಹೆಸರೂ ಸೋರತೊಡಗಿತು. ಖಾನಾಪುರದಾಚೆ, ಮಲಪ್ರಭೆಯ ದಂಡೆಯ ಊರೊಂದರವರು ತಮ್ಮ ಹುಟ್ಟಿನ ದೋಣಿಗೆ ಎಂಜಿನ್ ಕೂರಿಸಿಕೊಂಡಿದ್ದರು. ಹೊಳೆ ತುಂಬಿ ಸೇತುವೆ ಮುಳುಗಿದರೆ ಶಾಲೆಗೂ ದವಾಖಾನೆಗೂ ಅದೊಂದೇ ದಾರಿ. ಕೂರಿಸಿದವನು ನಾಗಲಿಂಗ, ನಡೆಸುವವನು ಸಾತಪ್ಪ. ಒಂದೇ ತಿಂಗಳಲ್ಲಿ ಅದು ಮೂರು ಸಲ ನಡುಹೊಳೆಯಲ್ಲಿ ನಿಂತಿತು. ಮೂರು ಸಲವೂ ಸಾತಪ್ಪ ಎಂಜಿನ್ ಬಿಚ್ಚಿ ಆಟೋ ನಗರಕ್ಕೆ ತಂದ. ಮೂರು ಸಲವೂ ಫಿಲ್ಟರಿನ ಗಾಜಿನ ಬಟ್ಟಲಲ್ಲಿ ಡೀಸೆಲ್ ಮೇಲೆ, ನೀರು ಕೆಳಗೆ, ನೀರಿನ ತಳದಲ್ಲಿ ಕೆಂಪು ಗಸಿ.

"ಡೀಸೆಲ್ ಟಾಕಿ ತುಕ್ಕ ಹಿಡದಿರಬೇಕ. ಮಳ್ಯಾಗ ಬಿಡ್ತಿ ಏನ ಅದನ್ನ?" ಎಂದು ನಾಗಲಿಂಗ ಸಿಡುಕಿದ.

"ಇಲ್ರೀ, ದಿನಾ ತಾಡಪತ್ರಿ ಹೊಚ್ಚತೀನ್ರಿ."

ನಾಗಲಿಂಗ ನಂಬಲಿಲ್ಲ. ಊರಿನ ಹಿರಿಯ ಬೀರೇಶ ಫೋನಿನಲ್ಲಿ ಕೇಳಿದಾಗ, "ಎಂಜಿನ್ ಚಲೋ ಐತ್ರಿ, ನಡಸಾಂವಗ ನಿಗಾ ಇಲ್ಲ" ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೋಣಿಯನ್ನು ಸಾತಪ್ಪನಿಂದ ಬಿಡಿಸಿ ಬೇರೆಯವರಿಗೆ ಕೊಡಬೇಕೆಂದು ಊರವರು ಮಾತಾಡಿಕೊಂಡರು. ಸೋಮವಾರ ಚಾವಡಿಯಲ್ಲಿ ತೀರ್ಮಾನ. ಅಪ್ಪನ ಕಾಲದಿಂದ ಸಾತಪ್ಪನ ಮನೆ ನಡೆದದ್ದೇ ಆ ದೋಣಿಯಿಂದ ಎಂದು ಆಮೇಲೆ ತಿಳಿದು ನಾಗಲಿಂಗನಿಗೆ ಊಟ ಸೇರಲಿಲ್ಲ. ಸೋಮವಾರ ಮೊದಲ ಬಸ್ಸಿಗೇ ಹೊರಟ.

ದಂಡೆಗೆ ಬಂದಾಗ ಸಾತಪ್ಪನ ತಾಯಿ ಬಾಳವ್ವ ದೋಣಿಯ ಪೂಜೆಗೆ ನಿಂತಿದ್ದಳು. ಎಂಜಿನ್‌ಗೆ ಅರಿಶಿನ ಹಚ್ಚಿದಳು. ಅದು ಎಣ್ಣೆ ಕುಡಿಯುವ ಬಾಯಿ ಎಂದು ಟಾಕಿಯ ಮುಚ್ಚಳದ ಮೇಲೆ ಕುಂಕುಮ ಒತ್ತಿದಳು. ಆಮೇಲೆ ತಂಬಿಗೆ ತುಂಬ ಹೊಳೆಯ ನೀರನ್ನು ಅದರ ಮೇಲೆಯೇ ಸುರಿದಳು.

ಆ ಮುಚ್ಚಳದ ನಡುವೆ, ಟಾಕಿಗೆ ಗಾಳಿಯಾಡಲೆಂದು, ಸಣ್ಣ ತೂತಿತ್ತು. ಅಂಗಡಿಯಲ್ಲಿ ಬಿದ್ದಿದ್ದ ಹಳೆಯ ಮುಚ್ಚಳವನ್ನು ಅಲ್ಲಿ ತಿರುಪಿದವನು ನಾಗಲಿಂಗನೇ. ಕೆಂಪು ಗಸಿ ತುಕ್ಕಲ್ಲ, ಕುಂಕುಮ. ದಿನವೂ ಹಲ್ಲುಜ್ಜಿದಷ್ಟೇ ಸಹಜವಾದ ಪೂಜೆಯನ್ನು ಮೇಸ್ತ್ರಿಗೆ ಹೇಳಬೇಕೆಂದು ಯಾರಿಗೆ ತಾನೇ ಹೊಳೆದೀತು?

"ನಮ್ಮ ಮನಿಯವ್ರು ಮೂವತ್ತ ವರ್ಷ ಹುಟ್ಟ ಹಾಕಿದ್ರು," ಎಂದಳು ಬಾಳವ್ವ. "ದಿನಾ ಒಂದ ತಂಬಗಿ ಹಾಕೇ ಕಳಸ್ತಿದ್ನಿ. ಒಬ್ಬರಿಗೂ ಏನೂ ಆಗಲಿಲ್ಲ. ಈ ಮಷೀನ ನಿಲ್ಲಾಕ ಹತ್ತಿದಾಗಿಂದ ಎರಡ ಹಾಕತೀನಿ." ಮತ್ತೆ ತಂಬಿಗೆ ತುಂಬಿಕೊಂಡಳು.

ನಾಗಲಿಂಗ ಮನಸ್ಸಿನಲ್ಲೇ ತೂಗಿ ನೋಡಿದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಸಾತಪ್ಪನ ದೋಣಿ ಉಳಿಯುತ್ತದೆ, ತನ್ನ ಹೆಸರೂ ಅಷ್ಟಿಷ್ಟು ಉಳಿಯುತ್ತದೆ. ಆದರೆ ಮಗನನ್ನು ಮೂರು ಸಲ ತುಂಬಿದ ಹೊಳೆಯ ನಡುವೆ ನಿಲ್ಲಿಸಿದ್ದು ತನ್ನದೇ ತಂಬಿಗೆಯ ನೀರು ಎಂದು ತಿಳಿದ ಮೇಲೆ ಈ ಮುದುಕಿ ತಿಂದ ಅನ್ನ ಮೈಗೆ ಹತ್ತೀತೇ?

ಚಾವಡಿಯಲ್ಲಿ ಅವನು ಕೂರದೆ ನಿಂತೇ ಹೇಳಿದ: "ಸಾತಪ್ಪಂದ ಏನೂ ತಪ್ಪಿಲ್ರಿ. ಮುಚ್ಚಳ ತಪ್ಪ ಹಾಕಿದಾಂವ ನಾನು. ಮಳಿ ನೀರ ಅದರಾಗಿಂದನ ಇಳದೈತಿ."

"ನೀವ ಮುಟ್ಟಿದ ಎಂಜಿನ್ ಕೆಮ್ಮಂಗಿಲ್ಲ ಅಂತಿದ್ರಲ್ರಿ," ಎಂದು ಬೀರೇಶ ನಕ್ಕ. ನಾಗಲಿಂಗ ತಲೆ ತಗ್ಗಿಸಿದ. ದೋಣಿ ಸಾತಪ್ಪನ ಬಳಿಯೇ ಉಳಿಯಿತು.

ಮಧ್ಯಾಹ್ನದ ಹೊತ್ತಿಗೆ ನಾಗಲಿಂಗ ಟಾಕಿ ಬರಿದು ಮಾಡಿ ತೊಳೆದು, ಒಣಗಿಸಿ, ತೂತಿಲ್ಲದ ಮುಚ್ಚಳ ಹಾಕಿದ. ಗಾಳಿಗೆಂದು ಪಕ್ಕದಲ್ಲೊಂದು ಕೊಳವೆ ಕೂರಿಸಿ, ಅದರ ಬಾಯನ್ನು ಕೊಡೆಯ ಹಿಡಿಯಂತೆ ಕೆಳಕ್ಕೆ ಬಗ್ಗಿಸಿದ. ಇನ್ನು ಎಷ್ಟು ತಂಬಿಗೆ ಸುರಿದರೂ ಸರಿ.

ಚಾವಡಿಯ ಸುದ್ದಿ ಅಷ್ಟರಲ್ಲಿ ಬಾಳವ್ವನಿಗೆ ಮುಟ್ಟಿತ್ತು. ಬಂದವಳೇ ಜಾಡಿಸಿದಳು.

"ಅಲ್ಲೋ ತಮ್ಮಾ, ಇಷ್ಟ ವರ್ಷ ಕೆಲಸ ಮಾಡಿ ಒಂದ ಮುಚ್ಚಳ ನೆಟ್ಟಗ ಹಾಕಾಕ ಬರಲಿಲ್ಲೇನು? ನನ್ನ ಮಗನ ಜೀವಾ ಹೋಗತಿತ್ತು."

ಬಗ್ಗಿಸಿದ ಕೊಳವೆಯನ್ನೂ ಬಟ್ಟಲಿನ ಕೆಂಪನ್ನೂ ನೋಡಿ ಎಲ್ಲ ಅರಿತಿದ್ದ ಸಾತಪ್ಪ ಬಾಯಿ ತೆರೆಯಹೋದ. ನಾಗಲಿಂಗ ಅವನ ಮೊಣಕೈ ಹಿಡಿದ.

"ತಪ್ಪಾತಬೇ ಎವ್ವಾ," ಎಂದು ಅವಳಿಗೆ ಕೈ ಮುಗಿದ.