ಕರಕ್ ಬಿಟ್ಟ ಜನರಲ್

ನನ್ನ ತಂಗಿಯ ಗಂಡ ಜನರಲ್ ದೈಫಲ್ಲಾ ಸ್ವಂತ ಬುದ್ಧಿಯಿಂದ ಏನನ್ನೂ ನಿರ್ಧರಿಸಿದವರಲ್ಲ. ಹೇಳಿದ್ದನ್ನು ಮಾಡಿಯೇ ಅಷ್ಟು ಎತ್ತರಕ್ಕೆ ಏರಿದರು. ಪಶುವೈದ್ಯನಾಗುವ ಆಸೆಯಿತ್ತು, ತಂದೆ ಸೈನ್ಯ ಸೇರು ಎಂದರು, ಸೇರಿದರು. ದೊಡ್ಡಪ್ಪ ನನ್ನ ತಂಗಿ ನೌಫ್‌ಳನ್ನು ಗೊತ್ತುಮಾಡಿದರು, ಮದುವೆಯಾದರು. ಟ್ಯಾಂಕ್ ದಳದಲ್ಲಿದ್ದಾಗ ಒಮ್ಮೆ ಮರುಭೂಮಿಯ ಕವಾಯತಿನಲ್ಲಿ ಮೇಲಿನವರು "ಅಲ್ಲೇ ನಿಲ್ಲಿ" ಎಂದು ಹೇಳಿ ಇವರನ್ನು ಮರೆತೇಬಿಟ್ಟರು. ನೀರು ಮುಗಿಯಿತು. ಗುಡ್ಡದ ಆಚೆಗೇ ಬಾವಿಯಿದ್ದರೂ ಆದೇಶ ಬರುವ ತನಕ ಒಂದು ಟ್ಯಾಂಕೂ ಕದಲಲಿಲ್ಲ. ಸೈನಿಕರು ಪ್ರಜ್ಞೆ ತಪ್ಪಿ ಬಿದ್ದರು. ಇವರಿಗೆ ಬಡ್ತಿ ಸಿಕ್ಕಿತು.

ನಿವೃತ್ತರಾದ ಮೇಲೆ ಹುಟ್ಟೂರು ಕರಕ್‌ನಲ್ಲಿ ಕಲ್ಲಿನ ಮನೆ ಕಟ್ಟಿಸಿ ಆಡು ಸಾಕಿದರು. ಅವರು ಬಾಯಿತುಂಬ ನಗುವುದನ್ನು ನಾನು ನೋಡಿದ್ದು ಆ ಕೊಟ್ಟಿಗೆಯಲ್ಲಿ ಮಾತ್ರ.

ಆಮೇಲೆ ಅವರ ದಾಯಾದಿಯ ಮಗ ನಿಮ್ರ್, ಹೊಲದ ಗಡಿಯ ಜಗಳದಲ್ಲಿ ಪಕ್ಕದ ಕುಲದ ತರುಣನೊಬ್ಬನನ್ನು ಗುಂಡಿಟ್ಟು ಕೊಂದು ಜೈಲು ಸೇರಿದ. ನಮ್ಮಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ. ಸತ್ತವನ ತಂದೆ ಒಪ್ಪುವ ತನಕ ಕೊಂದವನ ರಕ್ತಸಂಬಂಧಿಗಳೆಲ್ಲ ಊರು ಬಿಟ್ಟಿರಬೇಕು. ಜನರಲ್ ಅವರ ಅಜ್ಜನೇ ನಿಮ್ರ್‌ನ ಮುತ್ತಜ್ಜ. ಜನರಲ್ ಆಡುಗಳನ್ನು ಮಾರಿ ಹೊರಟರು.

ದೂರದ ಜರ್ಕಾ ಪಟ್ಟಣದಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ. ಕಿಟಕಿ ತೆರೆದರೆ ಎದುರು ಕಟ್ಟಡದ ಗೋಡೆ. ತಮ್ಮಂದಿರ, ದಾಯಾದಿಗಳ ಸಂಸಾರಗಳೂ ಅದೇ ಬೀದಿಯ ಕೋಣೆಗಳಲ್ಲಿ ಒತ್ತೊತ್ತಾಗಿ ಸೇರಿಕೊಂಡವು. ವರ್ಷಗಳು ಕಳೆದವು. ಜನರಲ್ ಮೆಟ್ಟಿಲಿಳಿಯುವುದನ್ನೇ ಬಿಟ್ಟರು.

"ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಯಾವ ಗಡಿ ಕಾಯ್ತಿದೀರಿ?" ಎಂದು ನೌಫ್ ಕೆಣಕಿದಳು.

"ಕಾಲು ಜೋಮು ಹಿಡಿದಿದೆ."

ತಮ್ಮನ ಮಗ ಮಿಖ್ಲಿದ್ ಬಂದು ಕೂತಿದ್ದ. "ದೊಡ್ಡಪ್ಪ, ಒಂದು ಫೋನ್ ಮಾಡಿ. ನಿಮ್ಮ ಕೈಕೆಳಗೆ ಇದ್ದೋರೇ ಈಗ ಮೇಲಿದಾರೆ."

"ಮಾಡಿ ಏನಂತ ಹೇಳಲಿ?"

"ಊರಿಗೆ ಹೋಗ್ಬೇಕು ಅಂತ."

"ಪದ್ಧತಿ ಅಂದ್ರೆ ಪದ್ಧತಿ ಕಣೋ."

"ಸುಮ್ನಿರೋ," ಎಂದಳು ನೌಫ್. "ಮೇಲಿಂದ ಆದೇಶ ಬರೋ ತನಕ ನಿನ್ನ ದೊಡ್ಡಪ್ಪ ಸಾಯೋದೂ ಇಲ್ಲ."

ಅವರು ನಗಲಿಲ್ಲ. "ಆ ಮನೇಲಿ ಒಂದು ರಾತ್ರಿ ಮಲಗಿದ್ರೆ ಸಾಕು ನೌಫ್," ಎಂದಷ್ಟೇ ಹೇಳಿದರು. ಬೇಕು ಎಂದು ಅವರು ಬಾಯಿಬಿಟ್ಟು ಕೇಳಿದ್ದು ನನಗೆ ತಿಳಿದಂತೆ ಅದೊಂದನ್ನೇ.

ಕೊನೆಗೆ ಬೇರೆ ಕುಲದ ಹಿರಿಯ ಶೇಖ್ ತ್ರಾದ್, ಸತ್ತವನ ತಂದೆ ಔದಾನ ಬಳಿಗೆ ರಾಜಿಗೆ ಹೊರಟರು. ಜನರಲ್ ಮತ್ತು ಮಿಖ್ಲಿದ್ ಅವರ ರಕ್ಷಣೆಯಲ್ಲಿ ಜೊತೆಗೆ ಹೋದರು. ಮುಂದಿನದನ್ನು ನನಗೆ ಹೇಳಿದವನು ಮಿಖ್ಲಿದ್. ಬಣ್ಣ ಹಚ್ಚಿ ಹೇಳುವವನಲ್ಲ.

ಔದಾನ ಡೇರೆಯಲ್ಲಿ ಇವರಿಬ್ಬರನ್ನು ಸಾಲಿನ ತುದಿಯಲ್ಲಿ ಕೂರಿಸಿದರು. ಕೊಂದವನ ಕಡೆಯವರು ಅಲ್ಲಿ ಮಾತಾಡುವಂತಿಲ್ಲ. ಎಲ್ಲರ ಮುಂದೆಯೂ ಕಾಫಿ ಬಂತು. ಬೇಡಿಕೆ ತೀರ್ಮಾನವಾಗುವ ತನಕ ಯಾರೂ ಕುಡಿಯುವುದಿಲ್ಲ. ಕುಡಿದರೆ ಆಡಿದ ಮಾತಿಗೆ ಒಪ್ಪಿದಂತೆ.

ಔದಾ ಹಳೆಯ ಸೈನಿಕ, ಜನರಲ್‌ಗಳನ್ನು ಗೌರವದಿಂದ ಪಾಷಾ ಎಂದು ಕರೆದೇ ರೂಢಿ. ಜನರಲ್ ಕಡೆ ನೋಡಿ ಹೇಳಿದ: "ಪಾಷಾ ಅವ್ರ ಟ್ಯಾಂಕ್ ಓಡಿಸಿದೋನು ನಾನು. ಅವರ ಮೇಲೆ ನಂಗೆ ಸಿಟ್ಟಿಲ್ಲ. ಹೆಂಡ್ತೀನ ಕರ್ಕೊಂಡು ನಾಳೆನೇ ಮನೆಗೆ ಬರ್ಲಿ. ಉಳಿದೋರು ಮಾತ್ರ ನಾನು ಬದುಕಿರೋ ತನಕ ಈ ಊರಿಗೆ ಕಾಲಿಡಬಾರದು."

"ಅಷ್ಟಾದರೂ ಆಯ್ತಲ್ಲ," ಎಂದು ಶೇಖ್ ತ್ರಾದ್ ಉಸಿರುಬಿಟ್ಟು ಬಟ್ಟಲೆತ್ತಿ ಕುಡಿದರು. ಉಳಿದವರೂ ಕುಡಿದರು. ಜನರಲ್ ಬಟ್ಟಲನ್ನು ಕೈಗೆತ್ತಿಕೊಂಡರು. ಮಿಖ್ಲಿದ್ ನೆಲ ನೋಡುತ್ತ ಕೂತಿದ್ದ.

"ಕುಡಿಯಪ್ಪ ಪಾಷಾ," ಎಂದರು ಶೇಖ್. "ಇದಕ್ಕಿಂತ ಹೆಚ್ಚು ಸಿಗಲ್ಲ."

ಜನರಲ್ ಮುಂದಕ್ಕೆ ಬಾಗಿ, ಒಂದು ಹನಿಯೂ ಚೆಲ್ಲದಂತೆ, ತುಂಬಿದ ಬಟ್ಟಲನ್ನು ಔದಾನ ಮುಂದೆ ಜಮಖಾನದ ಮೇಲಿಟ್ಟರು.